ವಿಶೇಷಣದ ಜಗಳ

ಮಾಲೆಗಾಂವ್ ನಾಸಿಕ್ ಜಿಲ್ಲೆಯ ಊರು. ವಿದ್ಯುತ್ ಮಗ್ಗಗಳೇ ಅಲ್ಲಿನ ಬಡವರ ಅನ್ನ. 2008ರ ಸೆಪ್ಟೆಂಬರ್ 29ರಂದು, ರಂಜಾನ್ ತಿಂಗಳ ಒಂದು ರಾತ್ರಿ, ಅಲ್ಲಿ ಬಾಂಬು ಸಿಡಿದು ಆರು ಜನ ಸತ್ತರು. 2025ರ ಜುಲೈ 31ರಂದು ವಿಶೇಷ ನ್ಯಾಯಾಲಯ ಏಳೂ ಆರೋಪಿಗಳನ್ನು ಬಿಡುಗಡೆ ಮಾಡಿತು. ಸಂಶಯವೆಷ್ಟಿದ್ದರೂ ಅದು ಸಾಕ್ಷ್ಯವಾಗದೆಂಬುದು ತೀರ್ಪಿನ ಸಾರ. ಹಾಗಾದರೆ ಆ ಆರು ಜನರನ್ನು ಕೊಂದವರಾರು? ಇದನ್ನು ಕೇಳಬೇಕಾದವರು ನಾಮಕರಣದ ಜಗಳದಲ್ಲಿ ಮುಳುಗಿದ್ದಾರೆ.

2010ರಲ್ಲಿ ಗೃಹಮಂತ್ರಿಯಾಗಿದ್ದ ಚಿದಂಬರಂ ‘ಕೇಸರಿ ಭಯೋತ್ಪಾದನೆ’ ಎಂದರು. 2013ರ ಜನವರಿಯಲ್ಲಿ ಶಿಂದೆಯವರು ‘ಹಿಂದೂ ಭಯೋತ್ಪಾದನೆ’ ಎಂದು, ಫೆಬ್ರವರಿಯಲ್ಲಿ ವಿಷಾದ ಸೂಚಿಸಿದರು. ತೀರ್ಪಿನ ಮುನ್ನಾದಿನ ಅಮಿತ್ ಶಾ ಅವರು ಹಿಂದುವೆಂದೂ ಭಯೋತ್ಪಾದಕನಾಗಲಾರನೆಂದು ರಾಜ್ಯಸಭೆಯಲ್ಲಿ ಸಾರಿದರು. 1948ರ ಜನವರಿ 30ನ್ನು ಮರೆತವರಷ್ಟೇ ಆಡಬಲ್ಲ ಮಾತು! ತೀರ್ಪು ಬಂದ ಮೇಲೆ ಕಾಂಗ್ರೆಸ್ಸಿನ ಪೃಥ್ವಿರಾಜ್ ಚವಾಣರು ‘ಕೇಸರಿ’ ಬೇಡ, ‘ಸನಾತನಿ’ ಎನ್ನಿರೆಂದು ತಿದ್ದುಪಡಿ ತಂದರು. ನಾಮಪದಕ್ಕೆ ತಕ್ಕ ವಿಶೇಷಣ ಹುಡುಕುವ ಈ ವ್ಯಾಕರಣದ ಪಾಠ ಮಾಧ್ಯಮಿಕ ಶಾಲೆಗೆ ಸಾಕು, ಪಾರ್ಲಿಮೆಂಟಿಗೆ ಸಾಲದು.

ಕೊಲೆಗೆ ಒಂದು ಧರ್ಮದ ಹೆಸರನ್ನು ಅಂಟಿಸುವುದನ್ನು ನಾವು ಒಪ್ಪುವುದಿಲ್ಲ, ಅದು ಯಾರ ಧರ್ಮವೇ ಇರಲಿ. ಕಾರಣ ಅದೇ ಊರಿನಲ್ಲಿದೆ. 2006ರ ಸೆಪ್ಟೆಂಬರ್ 8ರ ಶುಕ್ರವಾರ ಅಲ್ಲಿನ ಖಬರಸ್ತಾನದ ಬಳಿ ಬಾಂಬುಗಳು ಸಿಡಿದು ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಬಹುಪಾಲು ಮುಸಲ್ಮಾನರು. ಪೊಲೀಸರು ಹಿಡಿದದ್ದೂ ಒಂಬತ್ತು ಮುಸಲ್ಮಾನರನ್ನೇ. ‘ಇಸ್ಲಾಮಿ ಭಯೋತ್ಪಾದನೆ’ ಎಂಬ ಮಾತು ಮೊದಲೇ ಸಿದ್ಧವಾಗಿತ್ತು, ತನಿಖೆ ಅದರ ಬೆನ್ನು ಹಿಡಿದು ನಡೆಯಿತು. ಐದು ವರ್ಷ ಜೈಲಿನಲ್ಲಿ ಕಳೆದ ಮೇಲೆ 2011ರಲ್ಲಿ ಅವರಿಗೆ ಜಾಮೀನು ದೊರೆಯಿತು. 2016ರಲ್ಲಿ ನ್ಯಾಯಾಲಯ ಆರೋಪವನ್ನೇ ಕೈಬಿಟ್ಟಿತು. ಹೋದ ವರ್ಷಗಳನ್ನು ಯಾವ ಮಂತ್ರಿಯ ವಿಷಾದವೂ ಹಿಂದಿರುಗಿಸಲಿಲ್ಲ.

ಹಾಗೆಂದು ‘ಭಯೋತ್ಪಾದನೆಗೆ ಧರ್ಮವಿಲ್ಲ’ ಎಂದು ತೇಲಿಸಿಬಿಡುವುದನ್ನೂ ನಾವು ಒಪ್ಪೆವು. ಧರ್ಮದ ಹೆಸರಿನಲ್ಲಿ ದ್ವೇಷ ಕಲಿಸುವ ಸಂಘಟನೆಗಳು ಎಲ್ಲ ಕಡೆಯೂ ಇವೆ. ಅವಕ್ಕೆ ಹೆಸರಿದೆ, ಕಚೇರಿಯಿದೆ, ಹಣ ಕೊಡುವ ಧಣಿಗಳಿದ್ದಾರೆ. ಅವುಗಳ ಹೆಸರು ಹಿಡಿದು, ಸಾಕ್ಷ್ಯ ಮುಂದಿಟ್ಟು ಮಾತಾಡಿರಿ. ಕೇಸರಿಯೆಂದರೆ ಭಿಕ್ಷೆ ಬೇಡುವ ಸಾಧುವಿಗೂ, ಇಸ್ಲಾಮೆಂದರೆ ಮಗ್ಗದ ಮುಂದೆ ನಿಂತ ಕೂಲಿಗೂ ತಗಲುತ್ತದೆ; ಧಣಿಗೆ ಮಾತ್ರ ತಗಲುವುದಿಲ್ಲ.

ಇನ್ನು ಸರ್ಕಾರದ ನಡತೆ. 2006ರ ಮುಂಬಯಿ ರೈಲು ಸ್ಫೋಟಗಳ ಮೊಕದ್ದಮೆಯಲ್ಲಿ ಹನ್ನೆರಡು ಮಂದಿಯನ್ನು ಹೈಕೋರ್ಟು 2025ರ ಜುಲೈ 21ರಂದು ಬಿಡುಗಡೆ ಮಾಡಿದಾಗ ಮಹಾರಾಷ್ಟ್ರ ಸರ್ಕಾರ ವಾರದೊಳಗೆ ಸುಪ್ರೀಂ ಕೋರ್ಟಿಗೆ ಓಡಿತು. ಓಡಲಿ, ಅದು ಅದರ ಕರ್ತವ್ಯ. ಹತ್ತು ದಿನ ಕಳೆದು ಮಾಲೆಗಾಂವಿನ ತೀರ್ಪು ಬಂದಾಗ ಮುಖ್ಯಮಂತ್ರಿ ಫಡ್ನವೀಸರು ಭಯೋತ್ಪಾದನೆ ಎಂದೂ ಕೇಸರಿಯಾಗಿರಲಿಲ್ಲವೆಂದು ಹಿಗ್ಗಿದರು. ಸೆಪ್ಟೆಂಬರಿನಲ್ಲಿ ಆ ತೀರ್ಪಿನ ಮೇಲೆ ಹೈಕೋರ್ಟಿಗೆ ಮೇಲ್ಮನವಿ ಹಾಕಿದವರು ಸತ್ತವರ ಮನೆಯವರು.