ಕೊಟ್ಟಿಗೆ ಗೊಬ್ಬರಕ್ಕೆ ಬೆಳಕಿನ ಪರೀಕ್ಷೆ: ತಿಂಥಣಿ ಭಾಗದ ರೈತರು ಅರಿಯಬೇಕಾದದ್ದು

ಗೋಬರ್‌ಧನ್ ಯೋಜನೆಯ ಜೈವಿಕ ಅನಿಲ ಘಟಕಗಳಿಂದ ದೊರೆಯುವ ಸಾವಯವ ಗೊಬ್ಬರಕ್ಕೆ ಕೇಂದ್ರ ಸರ್ಕಾರವು 2023ರಲ್ಲಿ ಪ್ರತಿ ಟನ್ನಿಗೆ 1,500 ರೂಪಾಯಿ ಮಾರುಕಟ್ಟೆ ನೆರವನ್ನು ಪ್ರಕಟಿಸಿತು. ಸಗಣಿಯು ಇಂದು ಬೆಲೆಯುಳ್ಳ ಸರಕಾಗಿದೆ. ಆದರೆ ಸುರಪುರ ತಾಲ್ಲೂಕಿನ ತಿಂಥಣಿಯಂತಹ ಕೃಷ್ಣಾ ತೀರದ ಗ್ರಾಮಗಳಲ್ಲಿ ಟ್ರ್ಯಾಲಿ ಲೆಕ್ಕದಲ್ಲಿ ಗೊಬ್ಬರ ಕೊಳ್ಳುವ ರೈತನಿಗೆ ಅದರಲ್ಲಿ ಸಾರಜನಕ ಎಷ್ಟು, ನೀರು ಎಷ್ಟು, ಮಣ್ಣು ಎಷ್ಟು ಎಂಬುದನ್ನು ಹೇಳುವವರಿಲ್ಲ.

ಈ ಅಜ್ಞಾನದ ಬೆಲೆ ಸಣ್ಣದಲ್ಲ. ಒಣ ಅಂಶದಲ್ಲಿ ಶೇ. 1.2ರಷ್ಟು ಸಾರಜನಕವಿರುವ ಗೊಬ್ಬರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತೇವಾಂಶ ಶೇ. 30 ಇದ್ದರೆ ಒಂದು ಟನ್ನಿನಲ್ಲಿ 8.4 ಕಿಲೊ ಸಾರಜನಕ, ಶೇ. 60 ಇದ್ದರೆ 4.8 ಕಿಲೊ ಮಾತ್ರ. ಎಕರೆಗೆ 4 ಟನ್ ಹಾಕಿದಾಗ ಈ ಅಂತರ 14.4 ಕಿಲೊ, ಅಂದರೆ ಸುಮಾರು 31 ಕಿಲೊ ಯೂರಿಯಾದಲ್ಲಿರುವ ಸಾರಜನಕಕ್ಕೆ ಸಮ. ಇದರಲ್ಲಿ ಒಂದು ಭಾಗವಷ್ಟೇ ಮೊದಲ ಬೆಳೆಗೆ ಲಭ್ಯವಾಗುವುದಾದರೂ, ಹಣ ತೆರುವುದು ಮಾತ್ರ ಇಡೀ ಟ್ರ್ಯಾಲಿಗೆ.

ಪ್ರಯೋಗಾಲಯದ ರಾಸಾಯನಿಕ ಪರೀಕ್ಷೆಗೆ ದಿನಗಳು ಬೇಕು. ಸಮೀಪ ಅವಕೆಂಪು ಕಿರಣಗಳ ವಿಶ್ಲೇಷಣೆಗೆ, ಅಂದರೆ ಎನ್‌ಐಆರ್ ವಿಧಾನಕ್ಕೆ, ಕೆಲವೇ ನಿಮಿಷ ಸಾಕು. ಸುಮಾರು 780ರಿಂದ 2,500 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಮಾದರಿಯ ಮೇಲೆ ಹಾಯಿಸಿದಾಗ ನೀರು ಮತ್ತು ಸಾವಯವ ವಸ್ತುಗಳು ತಮ್ಮದೇ ಆದ ತರಂಗಗಳನ್ನು ಹೀರಿಕೊಳ್ಳುತ್ತವೆ. ಮರಳಿದ ಬೆಳಕಿನಿಂದ ಅವುಗಳ ಪ್ರಮಾಣವನ್ನು ಅಂದಾಜಿಸಲಾಗುತ್ತದೆ. ಜರ್ಮನಿ ಮೊದಲಾದ ದೇಶಗಳಲ್ಲಿ ಸಗಣಿ ರಾಡಿ ಸಾಗಿಸುವ ಟ್ಯಾಂಕರುಗಳಿಗೇ ಇಂತಹ ಸಂವೇದಕಗಳನ್ನು ಅಳವಡಿಸಲಾಗುತ್ತಿದೆ.

ಆದರೆ ಆ ಉಪಕರಣವನ್ನು ತಂದು ನಮ್ಮ ತಿಪ್ಪೆಯ ಮುಂದಿಟ್ಟರೆ ಸರಿಯಾದ ಉತ್ತರ ಬಾರದು. ಎನ್‌ಐಆರ್ ನೇರವಾಗಿ ತೂಗುವ ತಕ್ಕಡಿಯಲ್ಲ. ರಾಸಾಯನಿಕ ಪರೀಕ್ಷೆಗೆ ಒಳಪಟ್ಟ ನೂರಾರು ಮಾದರಿಗಳೊಂದಿಗೆ ಹೋಲಿಸಿ ಅಂದಾಜು ಹೇಳುವ ಸಾಧನ. ಹೈನು ರಾಸುಗಳ ತೆಳು ರಾಡಿಗೆ ರೂಪಿಸಿದ ಹೋಲಿಕೆ, ಕಪ್ಪು ಮಣ್ಣು, ತೊಗರಿ ಹೊಟ್ಟು, ಭತ್ತದ ಹುಲ್ಲು ಬೆರೆತು ಬಿಸಿಲಿಗೆ ಒಣಗಿದ ನಮ್ಮ ಗೊಬ್ಬರಕ್ಕೆ ಹೊಂದುವುದಿಲ್ಲ. ತೇವಾಂಶ ಮತ್ತು ಒಟ್ಟು ಸಾರಜನಕದ ಅಂದಾಜು ಸಾಮಾನ್ಯವಾಗಿ ಉತ್ತಮವಾಗಿರುತ್ತದೆ. ರಂಜಕ ಹಾಗೂ ಪೊಟ್ಯಾಷ್ ಖನಿಜ ರೂಪದಲ್ಲಿದ್ದು ಈ ಬೆಳಕನ್ನು ನೇರವಾಗಿ ಹೀರದ ಕಾರಣ ಅವುಗಳ ಅಂದಾಜು ಅಷ್ಟು ನಂಬಲರ್ಹವಲ್ಲ. ಆದುದರಿಂದ ಈ ಭಾಗದ್ದೇ ಮಾದರಿಗಳಿಂದ ಹೊಂದಾಣಿಕೆ ಮಾಡಿರದ ಉಪಕರಣದ ಅಂಕಿಯನ್ನು ನಂಬಿ ರಸಗೊಬ್ಬರದ ಪ್ರಮಾಣವನ್ನು ಬದಲಿಸಬಾರದು.

ಸದ್ಯಕ್ಕೆ ರೈತ ಬಾಂಧವರು ಅನುಸರಿಸಬೇಕಾದ ಕ್ರಮಗಳು:

• ತಿಪ್ಪೆಯ 10–12 ಕಡೆ, ಒಂದು ಅಡಿಗಿಂತ ಆಳದಿಂದ ಗೊಬ್ಬರ ತೆಗೆದು ಚೆನ್ನಾಗಿ ಬೆರೆಸಿ, ಅರ್ಧ ಕಿಲೊ ಮಾದರಿಯನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ ಬೇಗನೆ ಪ್ರಯೋಗಾಲಯಕ್ಕೆ ತಲುಪಿಸಬೇಕು.
• ಬೇರೆ 1 ಕಿಲೊ ಮಾದರಿಯನ್ನು ತೂಕ ಇಳಿಯುವುದು ನಿಲ್ಲುವವರೆಗೆ ಬಿಸಿಲಿನಲ್ಲಿ ಒಣಗಿಸಿ ತೂಗಬೇಕು. ಕಡಿಮೆಯಾದ ತೂಕವು ಸರಿಸುಮಾರು ತೇವಾಂಶ. ಖರೀದಿಯ ಮಾತುಕತೆ ಒಣ ತೂಕದ ಮೇಲೆ ನಡೆಯಲಿ.
• ಗೊಬ್ಬರವನ್ನು ಗುಂಡಿಯಲ್ಲಿ ಶೇಖರಿಸಿ ಮೇಲ್ಭಾಗವನ್ನು ಮುಚ್ಚಬೇಕು. ಹೊಲಕ್ಕೆ ಹರಡಿದ ಕೂಡಲೇ ಮಣ್ಣಿನಲ್ಲಿ ಬೆರೆಸಬೇಕು. ಇದರಿಂದ ಅಮೋನಿಯಾ ರೂಪದಲ್ಲಿ ಆಗುವ ಸಾರಜನಕದ ನಷ್ಟ ತಗ್ಗುತ್ತದೆ.

ವಿಸ್ತರಣಾ ಕಾರ್ಯಕರ್ತರು ಗ್ರಾಮವಾರು ಮಾದರಿ ಸಂಗ್ರಹಿಸುವಾಗ ರಾಸುಗಳ ಮೇವು, ಶೇಖರಣಾ ವಿಧಾನ ಮತ್ತು ಗೊಬ್ಬರದ ವಯಸ್ಸನ್ನು ದಾಖಲಿಸುವುದು ಅವಶ್ಯ. ಉಪಕರಣವನ್ನು ಹಣ ಕೊಟ್ಟು ತರಬಹುದು. ಅದಕ್ಕೆ ನಮ್ಮ ಗೊಬ್ಬರದ ಪರಿಚಯ ಮಾಡಿಸುವ ಕೆಲಸ ಇಲ್ಲಿಯೇ, ಈ ತಿಪ್ಪೆಗಳಿಂದಲೇ ಆಗಬೇಕು.