ಹಾಡಿದವರ ಹೆಸರು ಬರೀರಿ (3/5)

ದೋಸ್ತರೇ, ಆಳಂದ, ಅಫಜಲಪುರ, ಜೇವರ್ಗಿ ಕಡಿ ಭಜನಿ ರೀಲ್ ಹಾಕ್ತೀರಿ, ಛಲೋ ಅದ. ಆದ್ರ 'ಒರಿಜಿನಲ್ ಆಡಿಯೊ' ಅಂತ ಬಂದು ಬಾಜೂಕ ನಿಮ್ಮ ಹೆಸರು! ರಾತ್ರಿಯಿಡೀ ಏಕತಾರಿ ಹಿಡಿದು ಹಾಡಿದವರು ಎಲ್ಲಿ?

ಅಮೆರಿಕದ ಸಂಗೀತ ವ್ಯಾಪಾರದ ಪತ್ರಿಕೆ 'ಬಿಲ್‌ಬೋರ್ಡ್' ಕಪ್ಪು ಜನರ ಹಾಡುಗಳ ಪಟ್ಟಿಗೆ 'ರೇಸ್ ರೆಕಾರ್ಡ್ಸ್' ಅಂತಿತ್ತು. 1949ರಾಗ ಅದನ್ನ ಬಿಟ್ಟು 'ರಿದಮ್ ಅಂಡ್ ಬ್ಲೂಸ್' ಅಂತು. ಆ ಹೆಸರೇ ಮುಂದ ಜಗತ್ತಿಗೆ ಗೊತ್ತಾತು.

ನಮ್ಮಲ್ಲಿ? ಕಡಕೋಳ ಮಡಿವಾಳಪ್ಪನವರ ತತ್ವಪದ ಬಾಯಿಂದ ಬಾಯಿಗೆ ಬಂದದ್ದು. ಪದ ಕಟ್ಟಿದವರಿಗೆ ಅಂಕಿತ ಅದ, ಹಾಡಿ ಉಳಿಸಿದವರಿಗಿಲ್ಲ. ಬರೇ 'ಜಾನಪದ' ಅಂದ್ರ ಕಾರ್ಯಕ್ರಮಕ್ಕ ಕರೆಯೋರು ಯಾರನ್ನ ಕರೀಬೇಕು?

ನಮಗ ಅಂಥ ಪತ್ರಿಕೆ ಇಲ್ಲ, ಕ್ಯಾಪ್ಶನ್ ಅದ. ಹಾಡಿದವರನ್ನ ಕೇಳ್ರಿ, ಒಪ್ಪಿದ್ರ ಹೆಸರು, ಊರು, ಯಾರ ಪದ ಅನ್ನೋದು ಬರೀರಿ. ಹಳೇ ರೀಲ್‌ಗೂ ಇವತ್ತೇ ಸೇರಿಸ್ರಿ.