ಗಿಟಾರಿನ ತಂತಿಯೂ ಒಂದು ಪಾಠ

ಹಾಡಿನ ಹುಚ್ಚು ಹತ್ತಿದರೆ ಓದು ಕೆಟ್ಟಂತೆಯೇ ಎಂಬ ಭಯ ಹಿರಿಯೂರು, ಹೊಳಲ್ಕೆರೆಗಳ ಅನೇಕ ಮನೆಗಳಲ್ಲಿದೆ. ಮೈಸೂರಿನಲ್ಲಿ ಬೆಳೆದ ಗಾಯಕ ರಘು ದೀಕ್ಷಿತ್ ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ ಪಡೆದವರು, ಭರತನಾಟ್ಯವನ್ನೂ ಕಲಿತವರು. ಸ್ವಂತ ಹಾಡು ಕಟ್ಟುತ್ತಾರೆ, ಶಿಶುನಾಳ ಷರೀಫರ ಪದಗಳನ್ನೂ ಹಾಡುತ್ತಾರೆ. ಕಾಲಿಗೆ ಗೆಜ್ಜೆ ಕಟ್ಟಿ ತಂಡದೊಡನೆ ಕುಣಿಯುತ್ತ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಹಾಡಿದರು.

ಕುಣಿಯುತ್ತ ಹಾಡಲು ಉಸಿರಿನ ಹಿಡಿತ ಬೇಕು. ವಪೆಗೆ ಅಭ್ಯಾಸವಾಗದೆ ಅದು ಬಾರದು. ಗಿಟಾರಿನ ಐದನೆಯ ತಂತಿ ಸೆಕೆಂಡಿಗೆ 110 ಸಲ ಕಂಪಿಸುತ್ತದೆ. ಸರಿಯಾಗಿ ನಡುವೆ ಒತ್ತಿ ಹಿಡಿದು ಮೀಟಿದರೆ ಎಷ್ಟು?

ಪಾಲಕರೇ, ಹೊಸದುರ್ಗದ ಮಗಳು ಗಿಟಾರ್ ಕೇಳಿದರೆ ಮೊದಲು ಈ ಲೆಕ್ಕ ಕೇಳಿ. 220 ಎಂದರೆ ಕೊಡಿಸಿ. ತಿಳಿಯದು ಎಂದರೆ, ತಿಳಿಯಲೆಂದಾದರೂ ಕೊಡಿಸಿ.